ಪೈಥಾನ್ ಕಲಿಕೆಯ ಮೊದಲ ತಿಂಗಳುಗಳಿಗೆ ಥಾನಿ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಆಗಷ್ಟೇ ಶುರು ಮಾಡಿದ ಪಿಯುಸಿ, ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಪ್ರೋಗ್ರಾಂ ಬರೆದು ಓಡಿಸಲು ಯಾವ ಎಡಿಟರ್ ಒಳ್ಳೆಯದು ಎಂದು ಕೇಳಿದರೆ ಥಾನಿ ಎಂದು ಧೈರ್ಯವಾಗಿ ಹೇಳಬಹುದು. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಉಚಿತ ತಂತ್ರಾಂಶ ಇದು. ಪೈಥಾನನ್ನು ಬೇರೆ ಹಾಕಿಕೊಳ್ಳಬೇಕಿಲ್ಲ, ವಿಂಡೋಸ್ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. ಇನ್‌ಸ್ಟಾಲ್ ಮಾಡುವಾಗ ‘ನನಗೆ ಮಾತ್ರ’ ಎಂಬ ಆಯ್ಕೆ ಒತ್ತಿದರೆ ಅಡ್ಮಿನ್ ಪಾಸ್‌ವರ್ಡಿನ ಗೊಡವೆಯೂ ಇಲ್ಲ.

ಇದರ ನಿಜವಾದ ಬೆಲೆ ಡಿಬಗ್ಗರಿನಲ್ಲಿದೆ, ಅಂದರೆ ಪ್ರೋಗ್ರಾಮನ್ನು ಹೆಜ್ಜೆಹೆಜ್ಜೆಯಾಗಿ ಓಡಿಸಿ ತಪ್ಪು ಹುಡುಕುವ ಸಾಧನದಲ್ಲಿ. ಎಫ್5 ಒತ್ತಿದರೆ ಪ್ರೋಗ್ರಾಂ ಮಾಮೂಲಾಗಿ ಓಡುತ್ತದೆ; ಕಂಟ್ರೋಲ್ ಹಿಡಿದು ಎಫ್5 ಒತ್ತಿದರೆ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಅಲ್ಲಿಂದ ಒಂದೊಂದೇ ಹೆಜ್ಜೆ ಮುಂದಿಡಲು ಎಫ್7 ಒತ್ತುತ್ತ ಹೋಗಬೇಕು. ವ್ಯೂ ಮೆನುವಿನಲ್ಲಿ, ವೇರಿಯಬಲ್‌ಗಳ (ಬೆಲೆಗಳನ್ನು ಇಟ್ಟುಕೊಳ್ಳುವ ಹೆಸರುಗಳ) ಪಟ್ಟಿ ತೋರಿಸುವ ವೇರಿಯಬಲ್ಸ್ ಫಲಕವನ್ನು ಮೊದಲೇ ತೆರೆದಿಟ್ಟುಕೊಳ್ಳಿ.

ಎರಡು ವಿಷಯಗಳ ಅಂಕವನ್ನು ಇನ್‌ಪುಟ್‌ನಿಂದ (ಕೀಲಿಮಣೆಯಲ್ಲಿ ಒತ್ತಿದ್ದನ್ನು ಓದುವ ಪೈಥಾನ್ ಆಜ್ಞೆಯಿಂದ) ಪಡೆದು ಕೂಡಿಸುವ ಪ್ರೋಗ್ರಾಂ ತೆಗೆದುಕೊಳ್ಳಿ. 35 ಮತ್ತು 40 ಕೊಟ್ಟರೆ ಉತ್ತರ 75 ಬರಬೇಕು, ಬರುವುದು 3540. ಇನ್‌ಪುಟ್ ಯಾವಾಗಲೂ ಸ್ಟ್ರಿಂಗ್, ಅಂದರೆ ಸಂಖ್ಯೆಯಲ್ಲದ ಬರಿಯ ಅಕ್ಷರಗಳ ಸಾಲು ಕೊಡುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಮಕ್ಕಳು ಮರೆಯುತ್ತಾರೆ. ಥಾನಿಯಲ್ಲಿ ಕೂಡಿಸುವ ಸಾಲಿಗೆ ಬಂದು ಎಫ್7 ಒತ್ತಿದಾಗ ವೇರಿಯಬಲ್ ಹೆಸರು ಅಳಿಸಿ ಅದೇ ಜಾಗದಲ್ಲಿ ಬೆಲೆ ಕೂರುತ್ತದೆ, ಉದ್ಧರಣ ಚಿಹ್ನೆಯ ಸಮೇತ: '35'. ಮುಂದಿನ ಒತ್ತಿಗೆ '40'. ಆಮೇಲೆ ಎರಡೂ ಅಂಟಿಕೊಂಡು '3540' ಆಗುವುದು ಕಣ್ಣೆದುರೇ ಕಾಣುತ್ತದೆ. ಸ್ಟ್ರಿಂಗನ್ನು ಸಂಖ್ಯೆಯಾಗಿಸುವ ಇಂಟ್ ಎಲ್ಲಿ ಹಾಕಬೇಕೆಂದು ವಿದ್ಯಾರ್ಥಿಯೇ ಹೇಳಿಬಿಡುತ್ತಾನೆ.

ಫಂಕ್ಷನ್ ತನ್ನನ್ನೇ ತಾನು ಕರೆದುಕೊಳ್ಳುವ ರಿಕರ್ಶನ್ ಪಾಠಕ್ಕಂತೂ ಇದಕ್ಕಿಂತ ಸುಲಭದ ದಾರಿ ಸಿಗಲಾರದು. 4ರ ಫ್ಯಾಕ್ಟೋರಿಯಲ್ ಲೆಕ್ಕ ಹಾಕಿಸಿ ಎಫ್7 ಒತ್ತುತ್ತ ಹೋದರೆ ಪ್ರತಿ ಕರೆಗೂ ಹೊಸ ಕಿಟಕಿ ತೆರೆಯುತ್ತದೆ, ಒಂದೊಂದರಲ್ಲೂ ಎನ್ ಎಂಬ ವೇರಿಯಬಲ್ಲಿಗೆ ಅದರದೇ ಬೆಲೆ: 4, 3, 2, 1. ತಳ ಮುಟ್ಟಿದ ಮೇಲೆ ಕಿಟಕಿಗಳು ಒಂದೊಂದಾಗಿ ಮುಚ್ಚಿ, ಹಿಂದಿರುಗಿಸಿದ ಬೆಲೆ ಕರೆದ ಜಾಗಕ್ಕೇ ಹೋಗಿ ಕೂರುತ್ತದೆ. ಬೇಸ್ ಕೇಸ್ (ಕರೆಗಳನ್ನು ನಿಲ್ಲಿಸುವ ಷರತ್ತು) ಬರೆಯದಿದ್ದರೆ ಕಿಟಕಿಗಳು ನಿಲ್ಲದೆ ಬೆಳೆಯುತ್ತವೆ. ತಪ್ಪು ಏನೆಂದು ಬೇರೆ ವಿವರಿಸಬೇಕಿಲ್ಲ.

ಒಂದು ಲಿಸ್ಟನ್ನು ಇನ್ನೊಂದು ಹೆಸರಿಗೆ ಸಮ ಎಂದು ಬರೆದರೆ ನಕಲು ಆಯಿತೆಂದು ಬಹಳ ಮಂದಿ ನಂಬಿರುತ್ತಾರೆ. ವ್ಯೂ ಮೆನುವಿನಲ್ಲಿ, ಮೆಮೊರಿಯಲ್ಲಿರುವ ವಸ್ತುಗಳನ್ನು ತೋರಿಸುವ ಹೀಪ್ ಫಲಕ ತೆರೆದು ನೋಡಿ, ಎರಡೂ ಹೆಸರಿನ ಮುಂದೆ ಒಂದೇ ಐಡಿ (ಗುರುತಿನ ಸಂಖ್ಯೆ) ಇರುತ್ತದೆ, ಅಂದರೆ ಲಿಸ್ಟ್ ಇರುವುದು ಒಂದೇ.

ತೊಡಕುಗಳೂ ಇವೆ. ಫೈಲಿಗೆ ಟರ್ಟಲ್ ಅಥವಾ ರ‍್ಯಾಂಡಮ್ ಎಂದೇ ಹೆಸರಿಟ್ಟು ಉಳಿಸಿದರೆ ಅದೇ ಹೆಸರಿನ ಮಾಡ್ಯೂಲ್ (ಪೈಥಾನ್ ಜೊತೆ ಬರುವ ಸಿದ್ಧ ಕೋಡಿನ ಫೈಲು) ಕೆಲಸ ಮಾಡುವುದಿಲ್ಲ. ಪೈಥಾನ್ ಮೊದಲು ನಿಮ್ಮ ಫೋಲ್ಡರಿನಲ್ಲೇ ಹುಡುಕಿ ನಿಮ್ಮ ಫೈಲನ್ನೇ ಎತ್ತಿಕೊಳ್ಳುವುದು ಕಾರಣ. ಇದು ಪೈಥಾನಿನದೇ ಸ್ವಭಾವ, ಯಾವ ಎಡಿಟರಿನಲ್ಲೂ ತಪ್ಪಿದ್ದಲ್ಲ. ಮುಗಿಯದ ವೈಲ್ ಲೂಪಿಗೆ ಸಿಕ್ಕಿಕೊಂಡರೆ ಕೆಂಪು ಸ್ಟಾಪ್ ಗುಂಡಿ ಒತ್ತಬೇಕು. ಅಷ್ಟರ ತನಕ ವೇರಿಯಬಲ್‌ಗಳಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ.

ಹಲವಾರು ಫೈಲುಗಳ ಪ್ರಾಜೆಕ್ಟಿಗೆ ಥಾನಿ ಸಾಲದು. ಸಾವಿರಗಟ್ಟಲೆ ಸುತ್ತುವ ಲೂಪನ್ನು ಡಿಬಗ್ಗರಿನಲ್ಲಿ ಓಡಿಸಿದರೆ ತೆವಳುತ್ತದೆ, ಏಕೆಂದರೆ ಅದು ಹೆಜ್ಜೆಹೆಜ್ಜೆಯನ್ನೂ ದಾಖಲಿಸುತ್ತ ಹೋಗುತ್ತದೆ. ಅಂಥ ಕಡೆ ಲೂಪು ಎಷ್ಟು ಸಲ ಸುತ್ತಬೇಕೆಂದು ಹೇಳುವ ರೇಂಜನ್ನು 5ಕ್ಕೆ ಇಳಿಸಿ ತರ್ಕ ಸರಿಯಿದೆಯೇ ನೋಡಿಕೊಂಡು, ಆಮೇಲೆ ಮೊದಲಿನ ಸಂಖ್ಯೆ ಹಾಕಿ ಎಫ್5 ಒತ್ತಿ.