ನಿಂಫೋಮೇನಿಯಾಕ್: ನಾಲ್ಕು ಗಂಟೆಯದೋ, ಐದೂವರೆಯದೋ?

ಡೆನ್ಮಾರ್ಕಿನ ಲಾರ್ಸ್ ಫಾನ್ ಟ್ರಿಯರ್ 2013ರಲ್ಲಿ ಮಾಡಿದ ಈ ಸಿನಿಮಾ ಡಿಸ್ಕ್‌ನಲ್ಲಿ ಎರಡು ಬಗೆಯಲ್ಲಿ ಬಂದಿದೆ. ಥಿಯೇಟರ್ ಕಟ್, ಅಂದರೆ ಥಿಯೇಟರಿಗೆಂದು ಚಿಕ್ಕದು ಮಾಡಿದ್ದು, ಸುಮಾರು 4 ಗಂಟೆ. ಡೈರೆಕ್ಟರ್ಸ್ ಕಟ್, ಅಂದರೆ ನಿರ್ದೇಶಕರದೇ ಉದ್ದದ್ದು, ಸುಮಾರು 325 ನಿಮಿಷ. ಎರಡಕ್ಕೂ ಎರಡೆರಡು ಭಾಗ.

ಚಿಕ್ಕದನ್ನು ಕತ್ತರಿಸಿದ್ದು ನಿರ್ದೇಶಕರಲ್ಲ, ಒಪ್ಪಿಗೆ ಕೊಟ್ಟರು ಅಷ್ಟೇ. ಸಿನಿಮಾದ ಶುರುವಿನಲ್ಲೇ ಅದನ್ನು ಬರೆದು ತೋರಿಸುತ್ತಾರೆ! ಓಟ ಚುರುಕು. ಉಮಾ ಥರ್ಮನ್ ಮಕ್ಕಳನ್ನು ಕಟ್ಟಿಕೊಂಡು ಬಂದು ಗಂಡನ ಪ್ರೇಯಸಿಯ ಮನೆಯಲ್ಲಿ ರಂಪ ಮಾಡುವ ದೃಶ್ಯ ಇದರಲ್ಲೂ ಇದೆ. ನಗಬೇಕೋ ಅಳಬೇಕೋ ಗೊತ್ತಾಗಲ್ಲ.

ಉದ್ದದ್ದರಲ್ಲಿ ಬಿಚ್ಚು ದೃಶ್ಯ ಜಾಸ್ತಿ, ನಿಜ. ಅವೂ ಪೂರ್ತಿ ನಟರದ್ದಲ್ಲ, ಡಬಲ್‌ಗಳ, ಅಂದರೆ ಬದಲಿ ನಟರ ದೇಹವನ್ನು ಕಂಪ್ಯೂಟರಿನಲ್ಲಿ ಜೋಡಿಸಿದ್ದು. ನನಗೆ ಮುಖ್ಯ ಅನಿಸಿದ್ದು ಮಾತು. ಕಥಾನಾಯಕಿ ಜೋ ತನ್ನ ಕಥೆ ಹೇಳುವಾಗ ಅದನ್ನು ಕೇಳುತ್ತಾ ಕೂತ ಸೆಲಿಗ್ಮನ್ ನಡುವೆ ಬಾಯಿ ಹಾಕಿ ಮೀನು ಹಿಡಿಯುವುದು, ಬಾಖ್ ಸಂಗೀತ ಅಂತ ಎಲ್ಲಿಗೋ ಎಳೆಯುತ್ತಾನಲ್ಲ, ಆ ಹರಟೆಗೆ ಇಲ್ಲಿ ಜಾಗ ಸಿಕ್ಕಿದೆ. ಆದರೆ ಎರಡನೇ ಭಾಗದಲ್ಲಿ ಜೋ ತಾನೇ ಗರ್ಭಪಾತ ಮಾಡಿಕೊಳ್ಳುವ ದೃಶ್ಯ ತುಂಬಾ ಕ್ರೂರ. ಅದು ಬೇಡ ಅನ್ನುವವರು ಚಿಕ್ಕದನ್ನೇ ತಗೊಳ್ಳಿ.

ನನ್ನ ಓಟು ಉದ್ದದ್ದಕ್ಕೆ. ಕವರಿನ ಹಿಂದೆ ನಿಮಿಷ ಎಷ್ಟು ಅಂತ ನೋಡಿ ಖರೀದಿಸಿ, ಹೆಸರು ಎರಡಕ್ಕೂ ಒಂದೇ. ಬ್ಲೂ-ರೇ ಆದರೆ ರೀಜನ್ (ಡಿಸ್ಕ್ ಯಾವ ಭಾಗದ ಪ್ಲೇಯರಿನಲ್ಲಿ ಓಡುತ್ತೆ ಅನ್ನುವ ಗುರುತು) ಕೂಡ ನೋಡಿ: ಯುರೋಪಿನದು ಬಿ, ನಮ್ಮದು ಸಿ.