ಕೊಬ್ಬು ತಣಿಸುವ ಯಂತ್ರ: ಕ್ಲಿನಿಕ್ಕಿಗೆ ತರುವ ಮೊದಲು

ಕ್ರಯೋಲಿಪೊಲಿಸಿಸ್, ಅಂದರೆ ಚಳಿ ಕೊಟ್ಟು ಕೊಬ್ಬು ಇಳಿಸುವ ಯಂತ್ರದ ಬೆಲೆಗೆ ಚೌಕಾಸಿ ಮಾಡುವ ಎಷ್ಟೋ ವೈದ್ಯರು, ಚರ್ಮ ಕಾಯಲು ಮೈಮೇಲೆ ಹಾಕುವ ಜೆಲ್ ಪ್ಯಾಡಿಗೆ ಎಷ್ಟಾಗುತ್ತದೆ ಎಂದು ಕೇಳುವುದೇ ಇಲ್ಲ. ಐದು ವರ್ಷದ ಲೆಕ್ಕ ಹಾಕಿದರೆ ಕೈ ಕಚ್ಚುವುದು ಆ ಪ್ಯಾಡೇ. ಸೂಜಿ, ಕತ್ತರಿ ಇಲ್ಲದೆ ಬೊಜ್ಜು ಇಳಿಸುವ ಯಂತ್ರಗಳಲ್ಲಿ ಹೆಚ್ಚು ಹೆಸರು ಮಾಡಿದ ಕೂಲ್‌ಸ್ಕಲ್ಪ್ಟಿಂಗ್ ಎಲೀಟ್ ಅನ್ನು ಮುಂದಿಟ್ಟುಕೊಂಡು, ಜೊತೆಗೆ ಎಮ್‌ಸ್ಕಲ್ಪ್ಟ್ ನಿಯೋ, ಸ್ಕಲ್ಪ್‌ಶೂರ್ ಮತ್ತು ಚೀನಾದಿಂದ ಬರುವ ಅಗ್ಗದ ಯಂತ್ರಗಳನ್ನು ಇಲ್ಲಿ ತೂಗಿ ನೋಡಿದ್ದೇವೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಚರ್ಮದ ಕ್ಲಿನಿಕ್ ನಡೆಸುವವರಿಗಾಗಿ ಬರೆದದ್ದು ಇದು.

ಐಸ್ ಕ್ಯಾಂಡಿ ಚೀಪುವ ಮಕ್ಕಳ ಕೆನ್ನೆಯ ಕೊಬ್ಬು ಉರಿಯೂತಗೊಳ್ಳುವುದನ್ನು ವೈದ್ಯರು 1970ರಲ್ಲೇ ದಾಖಲಿಸಿದ್ದರು. ಚರ್ಮಕ್ಕಿಂತ ಕೊಬ್ಬಿನ ಜೀವಕೋಶ ಚಳಿಗೆ ಬೇಗ ಸೋಲುತ್ತದೆ ಎಂಬ ಆ ಸುಳಿವನ್ನು ಹಿಡಿದು ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಡೀಟರ್ ಮ್ಯಾನ್‌ಸ್ಟೈನ್ ಮತ್ತು ರಾಕ್ಸ್ ಆಂಡರ್ಸನ್ ಈ ತಂತ್ರ ಕಟ್ಟಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿ ಸೊಂಟದ ಪಕ್ಕದ ಮಡಿಕೆಗೆ, 2012ರಲ್ಲಿ ಹೊಟ್ಟೆಗೆ, 2015ರಲ್ಲಿ ಗಲ್ಲದ ಕೆಳಭಾಗಕ್ಕೆ ಒಪ್ಪಿಗೆ ಕೊಟ್ಟಿತು. ಚಿಕಿತ್ಸೆ ಪಡೆದ ಜಾಗದ ಕೊಬ್ಬಿನ ಪದರ ಒಂದು ಸುತ್ತಿಗೆ ಸುಮಾರು 20ರಿಂದ 25 ಶೇಕಡ ತೆಳುವಾಗುತ್ತದೆ. ಅದು ಕಣ್ಣಿಗೆ ಕಾಣಲು ಎರಡು ಮೂರು ತಿಂಗಳು ಹಿಡಿಯುತ್ತದೆ. ತೂಕದ ಕಾಟಾದಲ್ಲಿ ಇಳಿಕೆ ಕಾಣುವುದಿಲ್ಲ. ಈ ಎರಡು ಮಾತನ್ನು ಹಣ ಕಟ್ಟಿಸಿಕೊಳ್ಳುವ ಮೊದಲೇ ಹೇಳಿಬಿಡಬೇಕು, ಫೋಟೊವನ್ನು ಅದೇ ಜಾಗ, ಅದೇ ಬೆಳಕು, ಅದೇ ನಿಲುವಿನಲ್ಲಿ ತೆಗೆದಿಡಬೇಕು. ಹಾಗೆ ಮಾಡದ ಕ್ಲಿನಿಕ್‌ಗಳಲ್ಲಿ, ಫಲ ಬಂದಿದ್ದರೂ ಜನ ಹಣ ವಾಪಸ್ ಕೇಳುತ್ತಾರೆ.

ಎಲೀಟ್‌ನ ಬಲ ಮೈಯ ಮಡಿಕೆಯನ್ನು ಎಳೆದುಕೊಂಡು ತಣಿಸುವ ಅದರ ಕಪ್‌ನಲ್ಲಿದೆ. ಇಂಗ್ಲಿಷ್ ಸಿ ಅಕ್ಷರದಂತೆ ಬಾಗಿದ ಕಪ್ ಮೈಗೆ ಚೆನ್ನಾಗಿ ಕೂರುತ್ತದೆ, ಹಳೆಯ ಮಾದರಿಗಿಂತ ತಣ್ಣಗಾಗುವ ವಿಸ್ತಾರ ಹೆಚ್ಚು, ಎರಡು ಕಪ್ ಒಟ್ಟಿಗೆ ಓಡುತ್ತವೆ. ಬಹುತೇಕ ಕಪ್‌ಗಳಲ್ಲಿ ಒಂದು ಸೈಕಲ್, ಅಂದರೆ ಒಂದು ಕಪ್ಪನ್ನು ಒಮ್ಮೆ ಓಡಿಸುವುದು, 35 ನಿಮಿಷ. ಚರ್ಮ ಹೆಪ್ಪುಗಟ್ಟುವ ಲಕ್ಷಣ ಕಂಡರೆ ಸೆನ್ಸರ್ ತಾನಾಗಿಯೇ ಯಂತ್ರ ನಿಲ್ಲಿಸುತ್ತದೆ. ಅಗ್ಗದ ಯಂತ್ರಕ್ಕೂ ಇದಕ್ಕೂ ಇರುವ ದೊಡ್ಡ ಅಂತರ ಈ ಸೆನ್ಸರ್. ಕೆಟ್ಟದ್ದೆಂದರೆ, ಪ್ರತಿ ಸೈಕಲ್ಲನ್ನೂ ಕಂಪನಿಯಿಂದಲೇ ಹಣ ಕೊಟ್ಟು ಕೊಳ್ಳಬೇಕು. ಕೊಂಡ ಸೈಕಲ್ ಮುಗಿದರೆ ಯಂತ್ರ ಮುಂದಕ್ಕೆ ಓಡುವುದಿಲ್ಲ.

ಒಂದು ಅಂದಾಜು ಲೆಕ್ಕ ನೋಡಿ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಕೊಟೇಶನ್ ನೋಡಿ ಬದಲಿಸಿಕೊಳ್ಳಿ. ಯಂತ್ರಕ್ಕೆ 30 ಲಕ್ಷ ಸಾಲ, 12 ಶೇಕಡ ಬಡ್ಡಿ, 60 ಕಂತು: ತಿಂಗಳಿಗೆ ಸುಮಾರು 66,700 ರೂಪಾಯಿ. ವರ್ಷಕ್ಕೆ 2 ಲಕ್ಷದ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಅಂದರೆ ತಿಂಗಳಿಗೆ 16,700. ಯಂತ್ರ ನಡೆಸುವವರ ಸಂಬಳ 25,000, ಕೋಣೆ ಬಾಡಿಗೆಯ ಪಾಲು 15,000. ಒಟ್ಟು 1,23,400. ಒಂದು ಸೈಕಲ್ಲಿಗೆ ಜಿಎಸ್‌ಟಿ ಬಿಟ್ಟು 12,000 ತೆಗೆದುಕೊಂಡು, ಪ್ಯಾಡು ಮತ್ತು ಸೈಕಲ್ ಶುಲ್ಕ 4,000, ಚಿಲ್ಲರೆ ಖರ್ಚು 500 ಕಳೆದರೆ ಕೈಗೆ 7,500. ತಿಂಗಳಿಗೆ 17 ಸೈಕಲ್ ಆದರೆ ಗಂಟು ಮುಳುಗುವುದಿಲ್ಲ. ಹೊಟ್ಟೆ ಪೂರ್ತಿ ಮಾಡಲು ನಾಲ್ಕು ಸೈಕಲ್ ಬೇಕೆಂದರೆ ನಾಲ್ಕೈದು ಜನ ಸಾಕು.

ಈಗ ದೀಪಾವಳಿ ಆಫರ್ ಎಂದು 30 ಶೇಕಡ ಕಡಿತ ಕೊಡಿ. ಸೈಕಲ್ಲಿಗೆ ಬರುವುದು 8,400, ಪ್ಯಾಡಿನ ಬೆಲೆ ಮಾತ್ರ ಇಳಿಯುವುದಿಲ್ಲ. ಉಳಿಯುವುದು 3,900. ಅದೇ ಖರ್ಚು ಸರಿದೂಗಿಸಲು 32 ಸೈಕಲ್ ಬೇಕು. ರಿಯಾಯಿತಿ 30, ದುಡಿಮೆ ಹೆಚ್ಚುಕಡಿಮೆ ಇಮ್ಮಡಿ. ಪಕ್ಕದ ರಸ್ತೆಯ ಕ್ಲಿನಿಕ್ ದರ ಇಳಿಸಿತೆಂದು ನೀವೂ ಇಳಿಸುವ ಮುನ್ನ ಈ ಸಾಲನ್ನು ಇನ್ನೊಮ್ಮೆ ಓದಿ.

ಹಾಗಾದರೆ ಸೈಕಲ್ ಶುಲ್ಕವಿಲ್ಲದ ಚೀನಾ ಯಂತ್ರ? ಎಲ್ಲವೂ ಕಳಪೆಯಲ್ಲ. ಆದರೆ ಪರೀಕ್ಷಿಸದೆ ಕೊಳ್ಳುವುದು ಅಪಾಯ. ಡೆಮೊಗೆ ಬಂದವರ ಎದುರಲ್ಲೇ ತಣಿಸುವ ಫಲಕದ ಮೇಲೆ ಜೆಲ್ ಹಚ್ಚಿದ ಒದ್ದೆ ಬಟ್ಟೆ ಹಾಕಿ, ಅದರಡಿ ತಾಪಮಾನ ಅಳೆಯುವ ತಂತಿಯ ಥರ್ಮೋಕಪಲ್ ಇಡಿ. ಮೈನಸ್ 8 ಡಿಗ್ರಿಗೆ ಹೊಂದಿಸಿ ಕಪ್ಪಿನ ಎಲ್ಲ ಹ್ಯಾಂಡಲ್‌ಗಳನ್ನೂ ಒಟ್ಟಿಗೆ ಓಡಿಸಿ. 40 ನಿಮಿಷ, ಐದೈದು ನಿಮಿಷಕ್ಕೊಮ್ಮೆ ಪರದೆಯ ಅಂಕಿ ಮತ್ತು ಥರ್ಮೋಕಪಲ್ ಅಂಕಿ ಬರೆದುಕೊಳ್ಳಿ. ಬಿಡುವು ಕೊಡದೆ ಇದನ್ನೇ ಮೂರು ಸಲ ಮಾಡಿ. ಮೊದಲ ಸಲ ಚೆನ್ನಾಗಿದ್ದ ಯಂತ್ರ ಮೂರನೆಯದಕ್ಕೆ ಏದುಸಿರು ಬಿಡುವುದು ಇಲ್ಲೇ ಗೊತ್ತಾಗುತ್ತದೆ. ಫಲಕದ ಹಿಂದೆ, ಕರೆಂಟು ಹರಿದಾಗ ಒಂದು ಬದಿ ತಣ್ಣಗಾಗಿ ಇನ್ನೊಂದು ಬಿಸಿಯಾಗುವ ಪೆಲ್ಟಿಯರ್ ಚಿಪ್ ಇದೆ. ಅದರ ಬಿಸಿ ಬದಿಯನ್ನು ನೀರು ತಂಪಾಗಿಡಬೇಕು. ಆ ನೀರು ಬಿಸಿಯಾದರೆ ಫಲಕ ತಣ್ಣಗಾಗುವುದಿಲ್ಲ, ಪರದೆ ಮಾತ್ರ ಮೈನಸ್ 8 ಎಂದೇ ತೋರಿಸುತ್ತಿರಬಹುದು. ಹೀಗಾದರೆ ಫಲ ಬರುವುದಿಲ್ಲ, ಅಷ್ಟೆ. ಆದರೆ ಸೆನ್ಸರ್ ತಪ್ಪಿ ಫಲಕ ಹೇಳಿದ್ದಕ್ಕಿಂತ ಹೆಚ್ಚು ತಣ್ಣಗಾದರೆ ಚರ್ಮ ಸುಡುತ್ತದೆ, ಗುಳ್ಳೆ ಏಳುತ್ತದೆ, ಕಲೆ ಉಳಿಯುತ್ತದೆ. ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡ ಯಂತ್ರವನ್ನು ವಾಪಸ್ ಕಳಿಸಿ.

ಕ್ಲಿನಿಕ್ಕಿಗೆ ತಂದ ಮೇಲೆ ಕೆಡುವುದು ಹೆಚ್ಚಾಗಿ ಸಣ್ಣ ಭಾಗಗಳು. ಟ್ಯಾಂಕಿಗೆ ನಲ್ಲಿ ಅಥವಾ ಬೋರ್‌ವೆಲ್ ನೀರು ಹಾಕಿದರೆ ಸುಣ್ಣ ಕಟ್ಟುತ್ತದೆ, ಪಾಚಿ ಬೆಳೆಯುತ್ತದೆ. ಡಿಸ್ಟಿಲ್ಡ್ ನೀರೇ ಹಾಕಿ, ತಿಂಗಳಿಗೊಮ್ಮೆ ಬದಲಿಸಿ. ಹಿಂಬದಿಯ ರೇಡಿಯೇಟರ್ ಜಾಲರಿಯ ಧೂಳನ್ನು ವಾರಕ್ಕೊಮ್ಮೆ ಬ್ರಷ್ಷಿನಿಂದ ತೆಗೆಯಿರಿ. ಕಪ್ಪಿನೊಳಗೆ ಉಳಿದ ಜೆಲ್ಲನ್ನು ವ್ಯಾಕ್ಯೂಮ್ ಎಳೆದುಕೊಂಡು ಫಿಲ್ಟರ್ ಕಟ್ಟುತ್ತದೆ, ಆಮೇಲೆ ಅರ್ಧದಲ್ಲೇ ಕಪ್ ಕಳಚಿ ಬೀಳುತ್ತದೆ. ಕಪ್ಪಿನ ಸಿಲಿಕೋನ್ ಅಂಚು ಸೀಳಿದರೂ ಅದೇ ಪಾಡು. ಕರೆಂಟು ಏರಿಳಿಯುವ ಊರಿನಲ್ಲಿ ಸ್ಟೆಬಿಲೈಸರ್ ಜೊತೆಗೆ ಒಂದು ಸೈಕಲ್ ಮುಗಿಸುವಷ್ಟಾದರೂ ತಾಳುವ ಯುಪಿಎಸ್ ಬೇಕು, ಅರ್ಥಿಂಗ್ ಅನ್ನು ಎಲೆಕ್ಟ್ರಿಷಿಯನ್‌ನಿಂದ ಅಳೆಸಿ ಬರೆಸಿಕೊಳ್ಳಬೇಕು.

ಪ್ಯಾಡು ಹಾಕುವ ಎರಡು ನಿಮಿಷದಲ್ಲೇ ಅರ್ಧ ಅನಾಹುತ ತಪ್ಪುತ್ತದೆ. ಪೊಟ್ಟಣ ಒಡೆದ ಕೂಡಲೇ ಹಾಕಿ, ಒಣಗಲು ಬಿಡಬೇಡಿ. ನಡುವಿನಿಂದ ಅಂಚಿಗೆ ಅಂಗೈಯಿಂದ ಸವರುತ್ತಾ ಗಾಳಿ ಹೊರದೂಡಿ. ಒಂದೇ ಒಂದು ಸುಕ್ಕೂ ಉಳಿಯಬಾರದು, ಕಪ್ಪಿನ ಅಂಚಿನಿಂದ ಎರಡು ಬೆರಳು ಆಚೆಗೂ ಪ್ಯಾಡ್ ಚಾಚಿರಬೇಕು. ಒಮ್ಮೆ ಬಳಸಿದ್ದನ್ನು ಎರಡನೇ ಸಲ ಬಳಸುವುದು ಉಳಿತಾಯವಲ್ಲ, ಅದು ಸುಟ್ಟ ಗಾಯಕ್ಕೆ ಆಹ್ವಾನ. ಕಪ್ ಎಳೆದುಕೊಂಡ ಮೊದಲ ಐದು ಹತ್ತು ನಿಮಿಷ ಎಳೆತ, ಕೊರೆತ, ಚುಚ್ಚು. ಆಮೇಲೆ ಜೋಮು ಹಿಡಿಯುತ್ತದೆ. ಜೋಮು ಹಿಡಿಯದೆ ಉರಿ ಏರುತ್ತಲೇ ಹೋದರೆ ನಿಲ್ಲಿಸಿ. ಮುಗಿದಾಗ ಆ ಭಾಗ ಫ್ರಿಜ್ಜಿನಿಂದ ತೆಗೆದ ಬೆಣ್ಣೆ ಮುದ್ದೆಯಂತೆ ಕಪ್ಪಿನ ಆಕಾರದಲ್ಲೇ ಗಟ್ಟಿಯಾಗಿ ನಿಂತಿರುತ್ತದೆ. ಎರಡು ನಿಮಿಷ ಬಿಗಿಯಾಗಿ ತಿಕ್ಕಬೇಕು. ಬಳಿಕ ಕೆಂಪು, ಬಾವು, ಪೆಟ್ಟು ಬಿದ್ದಂಥ ನೀಲಿ ಕಲೆ, ಕೆಲವು ವಾರ ಮರಗಟ್ಟಿದ ಅನುಭವ ಸಹಜ.

ಸಹಜವಲ್ಲದ್ದು ಒಂದಿದೆ: ಪ್ಯಾರಡಾಕ್ಸಿಕಲ್ ಅಡಿಪೋಸ್ ಹೈಪರ್‌ಪ್ಲೇಸಿಯಾ. ಕೊಬ್ಬು ಕರಗುವ ಬದಲು ಅದೇ ಜಾಗದಲ್ಲಿ ಗಟ್ಟಿಯಾಗಿ ಬೆಳೆಯುತ್ತದೆ. 2014ರಲ್ಲಿ ಮೊದಲ ವೈದ್ಯಕೀಯ ವರದಿ ಬಂತು. ಅಪರೂಪ, ಆದರೆ ತಾನಾಗಿ ಇಳಿಯುವುದಿಲ್ಲ, ಲೈಪೋಸಕ್ಷನ್ (ಕೊಳವೆಯಿಂದ ಕೊಬ್ಬು ಹೀರುವುದು) ಅಥವಾ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ 2021ರಲ್ಲಿ ತಮಗಾದ ಇದೇ ತೊಂದರೆಯನ್ನು ಬಹಿರಂಗವಾಗಿ ಹೇಳಿಕೊಂಡ ಮೇಲೆ ಗ್ರಾಹಕರೇ ಫೋನು ತೋರಿಸಿ ಕೇಳುವ ಕಾಲ ಬಂದಿದೆ. ಒಪ್ಪಿಗೆ ಪತ್ರದಲ್ಲಿ ಇದನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಯಿರಿ, ಓದಿ ಹೇಳಿ. ಎರಡರಿಂದ ಐದು ತಿಂಗಳ ನಡುವೆ ಒಮ್ಮೆಯಾದರೂ ಅವರನ್ನು ಕರೆಸಿ ಮುಟ್ಟಿ ನೋಡಿ.

ಯಾರಿಗೆ ಮಾಡಬಾರದು ಎನ್ನುವುದು ಯಂತ್ರಕ್ಕಿಂತ ದೊಡ್ಡ ವಿಷಯ. ನಮ್ಮಲ್ಲಿ ನಡುವಯಸ್ಸಿನ ಗಂಡಸರ ಹೊಟ್ಟೆ ಬಹಳ ಸಲ ಮಡಕೆಯಂತೆ ಗಟ್ಟಿ. ಹಿಡಿದರೆ ಬೆರಳಿಗೆ ಸಿಗುವುದು ತೆಳು ಪದರ, ಉಳಿದ ಕೊಬ್ಬು ಕರುಳಿನ ಸುತ್ತ ಇದೆ. ಅಲ್ಲಿಗೆ ಈ ಚಳಿ ತಲುಪುವುದೇ ಇಲ್ಲ. ಅವರಿಂದ ಹಣ ಪಡೆಯುವುದು ಅನ್ಯಾಯ. ಹೆರಿಗೆಯ ನಂತರ ಜೋತ ಚರ್ಮಕ್ಕೂ ಇದು ಪರಿಹಾರವಲ್ಲ. ಹರ್ನಿಯಾ ಇದ್ದರೆ ಆ ಜಾಗಕ್ಕೆ ಕಪ್ ಹಾಕಲೇಬಾರದು. ಚಳಿಗೆ ರಕ್ತದಲ್ಲಿ ತೊಂದರೆ ಏಳುವ ಕಾಯಿಲೆಗಳಾದ ಕ್ರಯೋಗ್ಲೋಬ್ಯುಲಿನೀಮಿಯಾ, ಕೋಲ್ಡ್ ಅಗ್ಲುಟಿನಿನ್ ಕಾಯಿಲೆ, ಪ್ಯಾರಾಕ್ಸಿಸ್ಮಲ್ ಕೋಲ್ಡ್ ಹೀಮೋಗ್ಲೋಬಿನ್ಯೂರಿಯಾ ಇದ್ದವರಿಗೆ ಖಡಾಖಂಡಿತ ಬೇಡ.

ಎಮ್‌ಸ್ಕಲ್ಪ್ಟ್ ನಿಯೋದಲ್ಲಿ ರೇಡಿಯೋ ತರಂಗದ ಬಿಸಿ ಮತ್ತು ಅಯಸ್ಕಾಂತ ಬಲದ ಸ್ನಾಯು ಸೆಳೆತ ಎರಡೂ ಸೇರಿವೆ. 30 ನಿಮಿಷದ ನಾಲ್ಕು ಸಿಟ್ಟಿಂಗ್. ತೆಳ್ಳಗಿದ್ದು ಹೊಟ್ಟೆಯ ಸ್ನಾಯು ಬಿಗಿಯಾಗಬೇಕೆನ್ನುವವರಿಗೆ ಒಪ್ಪುತ್ತದೆ. ಪೇಸ್‌ಮೇಕರ್, ಮೈಯೊಳಗಿನ ಲೋಹ ಇರುವವರಿಗೆ ಆಗದು. ಹೆಣ್ಣುಮಕ್ಕಳನ್ನು ಕಾಪರ್ ಟಿ ಹಾಕಿಸಿಕೊಂಡಿದ್ದೀರಾ ಎಂದು ಕೇಳಲು ಮರೆಯುವುದು ನಮ್ಮಲ್ಲಿ ಸುಲಭ, ಮರೆಯಬೇಡಿ. ಸ್ಕಲ್ಪ್‌ಶೂರ್ 1060 ನ್ಯಾನೋಮೀಟರ್ ಲೇಸರ್, 25 ನಿಮಿಷ. ನೋವು ತಾಳದೆ ಶಕ್ತಿ ಇಳಿಸಿದರೆ ಫಲವೂ ಇಳಿಯುತ್ತದೆ.

2025ರಲ್ಲಿ ತೂಕ ಇಳಿಸುವ ಇಂಜೆಕ್ಷನ್‌ಗಳಾದ ಮೌಂಜಾರೊ, ವೆಗೋವಿ ಭಾರತಕ್ಕೆ ಬಂದವು. ತೂಕ ಇಳಿಸಲೆಂದು ಬರುತ್ತಿದ್ದವರು ಇಂಜೆಕ್ಷನ್ ಕಡೆ ಹೋಗುತ್ತಾರೆ. ತೂಕ ಇಳಿದ ಮೇಲೆ ಬರುವವರ ದೂರು ಬಹುಪಾಲು ಜೋತ ಚರ್ಮ, ಅದಕ್ಕೆ ಚಳಿ ಯಂತ್ರ ಉತ್ತರವಲ್ಲ. ಈ ಕಾರಣಕ್ಕೆ, ತಿಂಗಳಿಗೆ ಐದು ಜನ ತಕ್ಕ ಗ್ರಾಹಕರು ಈಗಾಗಲೇ ಬಂದು ಕೇಳುತ್ತಿಲ್ಲವಾದರೆ ಎಲೀಟ್‌ಗೆ ಸಾಲ ಮಾಡಬೇಡಿ ಎನ್ನುವುದೇ ನಮ್ಮ ಅಭಿಪ್ರಾಯ. ಅಂಥವರಿರುವ ದೊಡ್ಡ ಕ್ಲಿನಿಕ್ಕಿಗೆ ಮಾತ್ರ ಇದು ಈ ಗುಂಪಿನಲ್ಲಿ ಮೊದಲ ಆಯ್ಕೆ.

ಕಾಗದಪತ್ರಕ್ಕೆ ಬಂದರೆ, ಕ್ಲಿನಿಕ್ಕಿಗೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಇರಲೇಬೇಕು. ಯಂತ್ರಕ್ಕೆ 2017ರ ವೈದ್ಯಕೀಯ ಸಾಧನ ನಿಯಮಗಳಡಿ ಆಮದು ಪರವಾನಗಿಯ ಪ್ರತಿ ಕೇಳಿ, ಅದರ ಮಾದರಿ ಸಂಖ್ಯೆಯನ್ನು ಯಂತ್ರದ ಹಿಂಬದಿಯ ಪಟ್ಟಿಯೊಂದಿಗೆ ಹೋಲಿಸಿ. ಬಿಲ್ಲಿನ ಜಿಎಸ್‌ಟಿಯನ್ನು ಆಡಿಟರ್ ಬಳಿ ಮೊದಲೇ ಇತ್ಯರ್ಥ ಮಾಡಿಕೊಳ್ಳಿ, ಸೌಂದರ್ಯ ಚಿಕಿತ್ಸೆಗೆ ವೈದ್ಯಕೀಯ ವಿನಾಯಿತಿ ಇದೆ ಎಂದು ನಂಬಿ ಕೂರಬೇಡಿ. ಒಪ್ಪಂದದಲ್ಲಿ ಮೂರು ಸಾಲು ಸೇರಿಸದೆ ಮುಂಗಡ ಕೊಡಬೇಡಿ: ಸೈಕಲ್ ದರ ಮೂರು ವರ್ಷ ಏರಿಸುವಂತಿಲ್ಲ, ಕೆಟ್ಟ ಕಪ್ಪಿಗೆ ಬದಲಿ 72 ಗಂಟೆಯೊಳಗೆ ಬರಬೇಕು, ವರ್ಷಕ್ಕೊಮ್ಮೆ ತಾಪಮಾನದ ಕ್ಯಾಲಿಬ್ರೇಷನ್ ಮಾಡಿ ದಿನಾಂಕ ಹಾಕಿದ ಪ್ರಮಾಣಪತ್ರ ಕೊಡಬೇಕು.