ಆಡ್-ಆನ್ ಹೊಸ ಅನುಮತಿ ಕೇಳಿದರೆ, ಒತ್ತುವ ಮುನ್ನ ಇದನ್ನು ಓದಿ

ಕೊಡಗಿನ ಕಕ್ಕಬ್ಬೆಯ ಹತ್ತಿರ ನಮ್ಮದು ಮೂರು ಕೋಣೆಗಳ ಹೋಂಸ್ಟೇ. ಕಳೆದ ಡಿಸೆಂಬರ್‌ನಲ್ಲಿ ನನ್ನ ಬುಕಿಂಗ್ ಖಾತೆಯಿಂದಲೇ ನನ್ನ ಅತಿಥಿಗಳಿಗೆ ಮೋಸದ ಸಂದೇಶಗಳು ಹೋದವು. ಮೈಸೂರಿನ ಒಂದು ಕುಟುಂಬ 6,400 ರೂಪಾಯಿ ಕಳೆದುಕೊಂಡಿತು. ಇದಕ್ಕೆ ದಾರಿ ಮಾಡಿಕೊಟ್ಟದ್ದು ಎರಡು ವರ್ಷ ನಾನು ನೆಚ್ಚಿಕೊಂಡಿದ್ದ ಒಂದು ಪುಟ್ಟ ಆಡ್-ಆನ್, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ. ಹೋಂಸ್ಟೇ ನಡೆಸುವವರು, ತೋಟದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಇಡುವವರು ದಯವಿಟ್ಟು ಓದಿ.

ಆಡ್-ಆನ್‌ಗಳನ್ನು ನಾನು ಶೋಕಿಗೆ ಹಾಕಿಕೊಂಡವಳಲ್ಲ. ಮಳೆಗಾಲದಲ್ಲಿ ಇಲ್ಲಿ ಮರ ಬಿದ್ದು ಕರೆಂಟ್ ಹೋಯಿತೆಂದರೆ ಯಾವಾಗ ಬರುತ್ತದೋ ಹೇಳಲಾಗದು. ಇನ್ವರ್ಟರ್ ನಂಬಿ ಲ್ಯಾಪ್‌ಟಾಪ್, ಮೊಬೈಲ್ ನಂಬಿ ಇಂಟರ್ನೆಟ್. ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಇದ್ದರೆ ಆ ಬಡ ಸಿಗ್ನಲ್‌ನಲ್ಲೂ ಪುಟ ತೆರೆದುಕೊಳ್ಳುತ್ತದೆ. (ಅದರ ಹಳೆಯ ರೂಪವನ್ನು ಕ್ರೋಮ್ ಈಗ ನಡೆಯಗೊಡುವುದಿಲ್ಲ. ಕ್ರೋಮ್‌ನಲ್ಲಿ ಲೈಟ್ ಎಂಬ ರೂಪವೂ ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ರೂಪವೂ ಸಿಗುತ್ತವೆ.) ರಾತ್ರಿ ಲೆಕ್ಕ ಬರೆಯುವಾಗ ಕಣ್ಣಿಗೆ ಚುಚ್ಚದಂತೆ ಪುಟವನ್ನು ಕಪ್ಪಾಗಿಸುವ ಡಾರ್ಕ್ ರೀಡರ್, ಪಾಸ್‌ವರ್ಡ್‌ಗಳನ್ನು ಕಾಪಾಡುವ ಬಿಟ್‌ವಾರ್ಡನ್ ಕೂಡ ನನಗೆ ಬೇಕೇ ಬೇಕು. ಕೈಕೊಟ್ಟದ್ದು ನಾಲ್ಕನೆಯದು. ತೆರೆದಿದ್ದ ಟ್ಯಾಬ್‌ಗಳನ್ನೆಲ್ಲ ಪಟ್ಟಿ ಮಾಡಿ ಉಳಿಸಿಟ್ಟು, ಬೇಕೆಂದಾಗ ಮತ್ತೆ ತೆರೆದುಕೊಡುವುದಷ್ಟೇ ಅದರ ಕೆಲಸ. ಬುಕಿಂಗ್ ಪುಟ, ಕಾಫಿ ಧಾರಣೆ, ಹವಾಮಾನ, ಬ್ಯಾಂಕು ಎಲ್ಲವೂ ಒಂದೇ ಒತ್ತಿಗೆ ಎದುರಿಗೆ ಬರುತ್ತಿದ್ದವು.

ಅದೊಂದು ಶನಿವಾರದ ಸಂಜೆ. ಬಟವಾಡೆಗಾಗಿ ಜನ ಕಣದ ಬದಿಯಲ್ಲಿ ಕಾಯುತ್ತಿದ್ದರು. ಒಂದು ಕೈಯಲ್ಲಿ ನೋಟಿನ ಕಟ್ಟು ಹಿಡಿದು, ಹಾಜರಿ ನೋಡಲೆಂದು ಲ್ಯಾಪ್‌ಟಾಪ್ ತೆರೆದೆ. ಮೂಲೆಯಲ್ಲಿ ಒಂದು ಸೂಚನೆ ಬಂತು: ಈ ಆಡ್-ಆನ್ ಅನ್ನು ನಿಲ್ಲಿಸಲಾಗಿದೆ, ಮುಂದುವರಿಸಬೇಕಾದರೆ ಹೊಸ ಅನುಮತಿ ಬೇಕು, ಎಲ್ಲ ಜಾಲತಾಣಗಳಲ್ಲಿ ನಿಮ್ಮ ಮಾಹಿತಿಯನ್ನು ಓದಲು ಮತ್ತು ಬದಲಾಯಿಸಲು. ಓದಿದೆ. ಎರಡು ವರ್ಷದಿಂದ ಇರುವುದಲ್ಲವೇ ಎಂದುಕೊಂಡು ಒಪ್ಪಿಗೆ ಒತ್ತಿದೆ. ಟ್ಯಾಬ್‌ಗಳ ಪಟ್ಟಿ ಎಂದಿನಂತೆ ತೆರೆದುಕೊಂಡಿತು.

ಹತ್ತು ದಿನ ಕಳೆದಿರಬಹುದು. ಹೊಸ ವರ್ಷಕ್ಕೆ ಕೋಣೆ ಕಾದಿರಿಸಿದ್ದ ಮೈಸೂರಿನವರು ಫೋನ್ ಮಾಡಿದರು. “ಮೇಡಂ, ಇಪ್ಪತ್ನಾಲ್ಕು ಗಂಟೆಯೊಳಗೆ ಹಣ ಕಟ್ಟದಿದ್ದರೆ ಬುಕಿಂಗ್ ರದ್ದು ಎಂದು ಬರೆದಿದ್ದಿರಲ್ಲ, ಕಟ್ಟಿದ್ದೇನೆ, ಬಂತೇ?” ನಾನು ಏನನ್ನೂ ಬರೆದಿರಲಿಲ್ಲ. ಬುಕಿಂಗ್ ಖಾತೆ ತೆರೆದು ನೋಡಿದರೆ, ನನ್ನ ಹೆಸರಿನಲ್ಲೇ, ಅವರ ಹೆಸರು, ತಂಗುವ ದಿನಾಂಕ ಎಲ್ಲವನ್ನೂ ಸರಿಯಾಗಿ ಬರೆದು ಒಂದು ಲಿಂಕ್ ಕಳುಹಿಸಲಾಗಿತ್ತು. ಇನ್ನೂ ನಾಲ್ಕು ಜನರಿಗೆ ಅದೇ ಸಂದೇಶ. ಅವರು ನಂಬದೆ ಇನ್ನೇನು ಮಾಡಿಯಾರು? ನಾನೇ ಆಗಿದ್ದರೂ ಕಟ್ಟುತ್ತಿದ್ದೆ.

ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡುವಂತೆ ಅವರಿಗೆ ಹೇಳಿದೆ, ನಾನು ಪಾಸ್‌ವರ್ಡ್ ಬದಲಿಸಿದೆ. ಮರುದಿನ ಮತ್ತೆ ಮೂರು ಸಂದೇಶ ಹೋದವು. ಆ ರಾತ್ರಿ ನಿದ್ದೆ ಬರಲಿಲ್ಲ. ಮನೆಯವರ ಮೇಲೆಯೇ ಅನುಮಾನ ಪಡುವ ಮಟ್ಟಕ್ಕೆ ಹೋಗಿದ್ದೆ, ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹುತ್ತರಿ ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಪಕ್ಕದ ಮನೆಯ ಹುಡುಗಿ ಕುಳಿತು ನೋಡಿದಳು. “ಆಂಟಿ, ಪಾಸ್‌ವರ್ಡ್ ಕದ್ದಿಲ್ಲ, ನೀವು ಒಳಗೆ ಹೋದ ಮೇಲೆ ಬಾಗಿಲು ತೆರೆದಿಡುವ ಗುರುತನ್ನೇ ಕದ್ದಿದ್ದಾರೆ” ಎಂದಳು. ಲಾಗಿನ್ ಆದ ಮೇಲೆ ಬ್ರೌಸರಿನಲ್ಲಿ ಉಳಿಯುವ ಕುಕಿ ಅದು. ಅದು ಕೈಗೆ ಸಿಕ್ಕಿದವರಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಆಡ್-ಆನ್ ತೆಗೆದುಹಾಕಿ, ಎಲ್ಲ ಸಾಧನಗಳಿಂದ ಲಾಗ್‌ಔಟ್ ಮಾಡಿ, ಆಮೇಲೆ ಪಾಸ್‌ವರ್ಡ್ ಬದಲಿಸಿದೆವು. ಸಂದೇಶಗಳು ನಿಂತವು. ಬ್ರೌಸರಿನಲ್ಲಿ ನನ್ನದೇ ಖಾತೆಯಿದ್ದ ಮಗಳ ಲ್ಯಾಪ್‌ಟಾಪ್‌ಗೂ ಆ ಆಡ್-ಆನ್ ತಾನಾಗಿ ಹೋಗಿ ಕುಳಿತಿತ್ತು. ಮೊದಲು ಬರೆದವರು ಅದನ್ನು ಬೇರೆ ಯಾರಿಗೋ ಒಪ್ಪಿಸಿದ್ದರು. ಆಡ್-ಆನ್‌ಗಳು ಸಿಗುವ ಆನ್‌ಲೈನ್ ಅಂಗಡಿಯ ಪುಟದಲ್ಲಿ ಮಾಲೀಕರ ಹೆಸರು ಬದಲಾಗಿತ್ತು, ನಾನು ನೋಡಿರಲಿಲ್ಲ.

ಇದು ಹೊಸ ಕಥೆಯಲ್ಲವಂತೆ. ಬಳಸದ ಟ್ಯಾಬ್‌ಗಳನ್ನು ಮಲಗಿಸುತ್ತಿದ್ದ ದಿ ಗ್ರೇಟ್ ಸಸ್ಪೆಂಡರ್ ಅನ್ನು ಸುಮಾರು 20 ಲಕ್ಷ ಜನ ಬಳಸುತ್ತಿದ್ದರು. 2020ರಲ್ಲಿ ಅದು ಯಾರೋ ಗುರುತಿಲ್ಲದವರ ಕೈಸೇರಿತು. 2021ರ ಫೆಬ್ರುವರಿಯಲ್ಲಿ ಗೂಗಲ್ ಅದನ್ನು ಅಪಾಯಕಾರಿ ಎಂದು ಎಲ್ಲರ ಬ್ರೌಸರಿನಲ್ಲೂ ನಿಲ್ಲಿಸಿತು.

ಜಾಹೀರಾತು ತಡೆಯುವ ಆಡ್-ಆನ್ ಎಲ್ಲ ಪುಟಗಳನ್ನು ಓದಲು ಕೇಳಿದರೆ ಅದಕ್ಕೆ ಅರ್ಥವಿದೆ, ಅದರ ಕೆಲಸವೇ ಅದು. ಟ್ಯಾಬ್ ಪಟ್ಟಿ ಮಾಡುವುದಕ್ಕೆ ನನ್ನ ಬ್ಯಾಂಕಿನ ಪುಟ ಓದುವ ಅಗತ್ಯ ಏನಿತ್ತು? ಆ ಸಂಜೆ ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಇದೊಂದೇ. ನೀವು ಈಗಲೇ ಬ್ರೌಸರಿನ ಆಡ್-ಆನ್ ಪಟ್ಟಿ ತೆರೆದು, ಬಳಸದವನ್ನು ತೆಗೆದುಹಾಕಿ. ಉಳಿದವುಗಳ ವಿವರದಲ್ಲಿ ಯಾವ ತಾಣಗಳಿಗೆ ಪ್ರವೇಶವಿದೆ ಎಂದು ನೋಡಿ. ಕ್ರೋಮ್‌ನಲ್ಲಿ ಆ ಪ್ರವೇಶವನ್ನು “ಕ್ಲಿಕ್ ಮಾಡಿದಾಗ ಮಾತ್ರ” ಎಂದು ಬದಲಿಸಲು ಬರುತ್ತದೆ. ಬುಕಿಂಗ್ ಮತ್ತು ಬ್ಯಾಂಕಿಗೆ ನಾನು ಈಗ ಯಾವ ಆಡ್-ಆನ್ ಕೂಡ ಇಲ್ಲದ ಬೇರೆ ಬ್ರೌಸರ್ ಇಟ್ಟುಕೊಂಡಿದ್ದೇನೆ.

ಮೈಸೂರಿನವರ ಹಣ ಇನ್ನೂ ಬಂದಿಲ್ಲ. ಅವರಿಂದ ಕೋಣೆಯ ಬಾಡಿಗೆ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಇದೇ ಆಡ್-ಆನ್ ಅನ್ನು ನಾನೇ ಹೊಗಳಿ ನಾಪೋಕ್ಲಿನ ಗೆಳತಿಗೆ ಹಾಕಿಸಿಕೊಟ್ಟಿದ್ದೆ. ಹಬ್ಬ ಮುಗಿದ ಮರುದಿನವೇ ಅವಳಲ್ಲಿಗೆ ಓಡಿದೆ. ಅವಳ ಲ್ಯಾಪ್‌ಟಾಪ್ ತೆರೆದಾಗ ಮೂಲೆಯಲ್ಲಿ ಆ ಸೂಚನೆ ಹಾಗೆಯೇ ಇತ್ತು, ಅವಳು ಇನ್ನೂ ಒತ್ತಿರಲಿಲ್ಲ.